ಹಳೆಯ ಫ್ರೆಂಚ್ ಕನ್ನಡಿ ಕೊಳ್ಳುವಾಗ: ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

ಪ್ಯಾರಿಸ್ಸಿನ ಉತ್ತರದಂಚಿನ ಸ್ಯಾಂತುವಾಂ ಹಳೆಸಾಮಾನಿನ ಸಂತೆಗೆ ಹೋಗಿ, ಇಲ್ಲವೇ ದಕ್ಷಿಣದ ಪ್ರೊವಾನ್ಸ್ ಸೀಮೆಯ ಲೀಲ್-ಸುರ್-ಲಾ-ಸೋರ್ಗ್ ಎಂಬ ಊರಿಗೆ ಹೋಗಿ, ಚಿನ್ನದ ಚೌಕಟ್ಟಿನ ಕನ್ನಡಿಗಳ ಅಂಗಡಿ ಹೊಕ್ಕವರಿಗೆ ಮೊದಲು ಆಗುವ ಅನುಭವ ಒಂದೇ. ಎಲ್ಲವೂ ಹಳೆಯವು, ಎಲ್ಲವೂ ಚಿನ್ನದವು, ಎಲ್ಲವೂ ಒಂದೇ ಥರ. ಪಕ್ಕಪಕ್ಕದಲ್ಲೇ ತೂಗುತ್ತಿರುವ ಎರಡರಲ್ಲಿ ಒಂದು 1760ರ ಸುಮಾರಿಗೆ ಉಳಿ ಹಿಡಿದು ಕೆತ್ತಿದ್ದು, ಇನ್ನೊಂದು 1880ರ ಹೊತ್ತಿಗೆ ಅಚ್ಚಿನಿಂದ ತೆಗೆದ ಅಲಂಕಾರವನ್ನು ಮರದ ಪಟ್ಟಿಗೆ ಅಂಟಿಸಿದ್ದು ಆಗಿರಬಹುದು. ಬೆಲೆಯಲ್ಲಿ ಅಜಗಜಾಂತರ ಇರಬೇಕು. ಕೆಲವು ಕಡೆ ಇರುವುದಿಲ್ಲ, ಮೋಸ ಹೋಗುವುದು ಅಲ್ಲೇ.

ಕೊಳ್ಳುವವರು ಸಾಮಾನ್ಯವಾಗಿ ಶುರುಮಾಡುವುದು ಶೈಲಿಯಿಂದ: "15ನೇ ಲೂಯಿ ಕಾಲದ್ದು ಚೆನ್ನೋ, 16ನೇ ಲೂಯಿ ಕಾಲದ್ದು ಚೆನ್ನೋ?" ನನ್ನನ್ನು ಕೇಳಿದರೆ ಅದು ಕೊನೆಯ ಪ್ರಶ್ನೆ. ಮೊದಲು ನೋಡಬೇಕಾದ್ದು ಕೆತ್ತಿದ ಮರವೋ ಅಚ್ಚಿನ ಕೆಲಸವೋ ಎಂದು. ಆಮೇಲೆ ಚಿನ್ನ ಯಾವ ಬಗೆಯದು, ಎಷ್ಟು ಸಲ ಬಳಿದಿದ್ದಾರೆ ಎಂದು. ಅದಾದ ಮೇಲೆ ಗಾಜು. ಈ ಮೂರೂ ಸರಿಯಿದ್ದರೆ ಯಾವ ರಾಜನ ಹೆಸರಿನದಾದರೂ ನಷ್ಟವಿಲ್ಲ. ಮೂರೂ ಕೆಟ್ಟಿದ್ದರೆ ರಾಜನ ಹೆಸರು ಹೇಳಿ ಮಾರುವವನಿಗೆ ಮಾತ್ರ ಲಾಭ.

ಕೆತ್ತಿದ್ದೋ, ಅಚ್ಚಿನದೋ

ಅಂಗಡಿಯವನಿಗೆ ಹೇಳಿ ಕನ್ನಡಿಯನ್ನು ಗೋಡೆಯಿಂದ ಇಳಿಸಿಸಿ, ಬೆನ್ನು ತಿರುಗಿಸಿ ನೋಡಿ. ಇಳಿಸಲು ಒಪ್ಪದವನ ಹತ್ತಿರ ವ್ಯಾಪಾರವೇ ಬೇಡ.

ಹದಿನೆಂಟನೇ ಶತಮಾನದ ಚೌಕಟ್ಟಿನ ಬೆನ್ನು ಒರಟಾಗಿರುತ್ತದೆ. ಯಾರೂ ನೋಡದ ಜಾಗಕ್ಕೆ ನಯಗಾರಿಕೆ ಯಾಕೆಂದು ಬಡಗಿ ಕೈತೋಪಡಾ ಎಳೆದು ಬಿಟ್ಟಿರುತ್ತಾನೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಆ ತೋಪಡಾದ ಸಣ್ಣ ಹಳ್ಳಗಳು ಕಾಣುತ್ತವೆ, ಬೆರಳಾಡಿಸಿದರೆ ತಾಕುತ್ತವೆ. ಯಂತ್ರದ ಗರಗಸ ಬಂದ ಮೇಲಿನ ಮರದ ಮೇಲೆ ಸಮ ಅಂತರದ ಗೀರುಗಳಿರುತ್ತವೆ. ಉರುಟು ಗರಗಸವಾದರೆ ಗೀರುಗಳು ಬಾಗಿ ಕಮಾನಿನಂತೆ ಇರುತ್ತವೆ. ಅವು ಕಂಡರೆ ಹದಿನೆಂಟನೇ ಶತಮಾನದ ಮಾತು ಬಿಡಿ. ಮರದ ಬಣ್ಣ ಸಹಜವಾಗಿ ಕಂದಿರಬೇಕು, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಇಡೀ ಬೆನ್ನು ಒಂದೇ ಸಮ ಕಂದುಬಣ್ಣದಲ್ಲಿದ್ದರೆ ಯಾರೋ ಬಣ್ಣ ಬಳಿದಿದ್ದಾರೆ.

ಕುಟ್ಟೆ ಹುಳುವಿನ ತೂತುಗಳನ್ನು ಕಂಡು ಕೆಲವರು ಹೆದರುತ್ತಾರೆ, ಕೆಲವರು ಹಿಗ್ಗುತ್ತಾರೆ. ಎರಡೂ ಬೇಡ. ಹಳೆಯ ತೂತಿನ ಅಂಚು ಮಂಕಾಗಿರುತ್ತದೆ, ಒಳಗೆ ಧೂಳು ತುಂಬಿರುತ್ತದೆ. ತಟ್ಟಿದಾಗ ಬಿಳಿಯ ಹೊಸ ಹುಡಿ ಉದುರಿದರೆ ಹುಳು ಇನ್ನೂ ಒಳಗಿದೆ, ಮನೆಯ ಬೇರೆ ಮರಕ್ಕೂ ಹಬ್ಬೀತು. ಹುಳು ಮರದ ಒಳಗೆ ಅಂಕುಡೊಂಕಾಗಿ ಸಾಗುತ್ತದೆ, ಹೊರಗೆ ಕಾಣುವುದು ಉರುಟು ತೂತು ಮಾತ್ರ. ಮೇಲ್ಮೈಯಲ್ಲೇ ಉದ್ದುದ್ದಕ್ಕೆ ಸೀಳಿದ ಕಾಲುವೆಯಂಥ ದಾರಿಗಳು ಕಂಡರೆ ಹುಳು ತಿಂದ ಮೇಲೆ ಆ ಮರವನ್ನು ಕೊಯ್ದಿದ್ದಾರೆ. ಎಂದರೆ ಹಳೆಯ ತೊಲೆಯನ್ನೋ ಬೀರುವನ್ನೋ ಒಡೆದು ಹೊಸ ಚೌಕಟ್ಟು ಮಾಡಿದ್ದಾರೆ.

ಇನ್ನು ಮುಂಭಾಗ. ಕೆತ್ತಿದ ಮರದಲ್ಲಿ ಎಲೆಯ ಅಡಿಗೂ ಉಳಿ ಹೋಗಿರುತ್ತದೆ, ಎಲೆ ಹಿನ್ನೆಲೆಯಿಂದ ಎದ್ದು ನಿಂತಿರುತ್ತದೆ, ಅದರ ಹಿಂದೆ ನೆರಳು ಬೀಳುತ್ತದೆ. ಅಚ್ಚಿನಿಂದ ತೆಗೆದದ್ದಕ್ಕೆ ಆ ಒಳಗೊರೆತ ಬರುವುದು ಕಷ್ಟ, ಅಚ್ಚು ಬಿಡಬೇಕಲ್ಲ. ಎಡಮೂಲೆಯ ಹೂವನ್ನೂ ಬಲಮೂಲೆಯ ಹೂವನ್ನೂ ಹೋಲಿಸಿ ನೋಡಿ. ಕೈಕೆಲಸದಲ್ಲಿ ಒಂದರ ದಳ ಕೊಂಚ ದಪ್ಪ, ಇನ್ನೊಂದರದು ಕೊಂಚ ಓರೆ. ಅಚ್ಚಿನಲ್ಲಿ ಒಂದರ ತಪ್ಪೇ ಇನ್ನೊಂದರಲ್ಲೂ ಅದೇ ಜಾಗದಲ್ಲಿರುತ್ತದೆ.

ಅಚ್ಚಿನ ಅಲಂಕಾರದ ಹಿಟ್ಟು ಸೀಮೆಸುಣ್ಣ, ಪ್ರಾಣಿಜನ್ಯ ಅಂಟು, ರಾಳ, ಎಣ್ಣೆ ಇಂಥವುಗಳ ಮಿಶ್ರಣ. ಗಾರೆಯಿಂದ ಮಾಡಿದ್ದೂ ಉಂಟು, ಕಾಗದದ ರೊಟ್ಟು ಸೇರಿಸಿದ್ದೂ ಉಂಟು. ವರ್ಷಗಳು ಕಳೆದಂತೆ ಹಿಟ್ಟು ಒಣಗಿ ಕುಗ್ಗುತ್ತದೆ, ಅಲಂಕಾರಕ್ಕೆ ಅಡ್ಡಡ್ಡವಾಗಿ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯುತ್ತದೆ. ಮರ ಬಿರಿಯುವುದಾದರೆ ತನ್ನ ಎಳೆಯ ಉದ್ದಕ್ಕೆ, ಇಲ್ಲವೇ ಜೋಡಣೆ ಇರುವಲ್ಲಿ. ಬಿರುಕಿನ ದಿಕ್ಕೊಂದೇ ಅರ್ಧ ತೀರ್ಪು ಕೊಟ್ಟುಬಿಡುತ್ತದೆ. ತುದಿ ಮುರಿದ ಜಾಗದಲ್ಲಿ ಕಬ್ಬಿಣದ ತಂತಿ ಇಣುಕಿದರೆ ಮಾತೇ ಇಲ್ಲ, ಹಿಟ್ಟು ನಿಲ್ಲಲೆಂದು ಹಾಕಿದ ಆಸರೆ ಅದು.

ಇಲ್ಲೊಂದು ಎಚ್ಚರ. ಚಿಪ್ಪೆದ್ದ ಕಡೆ ಬಿಳಿ ಕಂಡ ಕೂಡಲೇ "ಇದು ಗಾರೆ" ಎಂದು ತೀರ್ಮಾನಿಸಬೇಡಿ. ಕೆತ್ತಿದ ಮರಕ್ಕೂ ಚಿನ್ನದ ಅಡಿಯಲ್ಲಿ ಸೀಮೆಸುಣ್ಣದ ಬಿಳಿ ಪದರ ಇದ್ದೇ ಇರುತ್ತದೆ. ಆ ಬಿಳಿ ಒಂದು ತೆಳು ಪದರವಾಗಿದ್ದು ಅದರ ಕೆಳಗೆ ಮರದ ಎಳೆ ಕಂಡರೆ ಕೆತ್ತನೆ. ಎಷ್ಟು ಆಳಕ್ಕೆ ನೋಡಿದರೂ ಬಿಳಿಯೇ ಇದ್ದರೆ ಹಿಟ್ಟು.

ಹಾಗಾದರೆ ಅಚ್ಚಿನದು ಕೊಳ್ಳಲೇಬಾರದೇ? ಹಾಗೇನಿಲ್ಲ. ದೊಡ್ಡ ಗೋಡೆ ಇದೆ, ಎತ್ತರದ ಕನ್ನಡಿ ಬೇಕು, ಕೈಯಲ್ಲಿ ಹಣ ಮಿತ ಎಂಬುವವರಿಗೆ ಹತ್ತೊಂಬತ್ತನೇ ಶತಮಾನದ ಅಚ್ಚಿನ ಚೌಕಟ್ಟು ಒಳ್ಳೆಯ ಆಯ್ಕೆಯೇ. ಅದನ್ನು ಅದರ ಹೆಸರಿನಲ್ಲಿ, ಅದರ ಬೆಲೆಗೆ ಕೊಳ್ಳಿ. ನಾನು ಬೇಡ ಎನ್ನುವುದು ಮಿಶ್ರಜಾತಿಗೆ: ಕೆಳಗಿನ ಚೌಕಟ್ಟು ಹದಿನೆಂಟನೇ ಶತಮಾನದ ಕೆತ್ತನೆ, ಮೇಲಿನ ಕಿರೀಟ ಮುರಿದುಹೋಗಿದೆಯೆಂದು ನೂರು ವರ್ಷದ ಬಳಿಕ ಕೂರಿಸಿದ ಅಚ್ಚಿನ ತುಂಡು. ಚೌಕಟ್ಟೂ ಕಿರೀಟವೂ ಕೂಡುವ ಜಾಗವನ್ನು ಹಿಂದಿನಿಂದ ನೋಡಿ. ಮರದ ಬಣ್ಣ, ದಪ್ಪ, ಮೊಳೆ ಮೂರೂ ಹೊಂದಬೇಕು.

ಚಿನ್ನ: ನೀರಿನದು, ಎಣ್ಣೆಯದು, ಹೆಸರಿಗೆ ಮಾತ್ರದ್ದು

ಈ ಕನ್ನಡಿಗಳ ಜೀವ ಇರುವುದು ಇಲ್ಲಿ, ಹಾಗಾಗಿ ತುಸು ನಿಧಾನವಾಗಿಯೇ ಹೇಳುತ್ತೇನೆ.

ಹಳೆಯ ಫ್ರೆಂಚ್ ಪದ್ಧತಿಯಲ್ಲಿ ಕೆತ್ತುವವನ ಕೆಲಸ ಮುಗಿದಾಗ ಚೌಕಟ್ಟು ಅರ್ಧ ಮಾತ್ರ ಆಗಿರುತ್ತದೆ. ಮೊಲದ ಚರ್ಮ ಕುದಿಸಿ ತೆಗೆದ ಅಂಟಿಗೆ ನಯವಾದ ಸೀಮೆಸುಣ್ಣದ ಪುಡಿ ಕಲಸಿ, ಬಿಸಿಯಾಗಿರುವಾಗಲೇ ಮರದ ಮೇಲೆ ಬಳಿಯುತ್ತಾರೆ, ಒಂದರ ಮೇಲೊಂದು, ಹತ್ತು ಪದರವೂ ಆದೀತು. ಪದರ ಕೂತಂತೆ ಕೆತ್ತನೆಯ ಚೂಪು ಮುಚ್ಚಿಹೋಗುತ್ತದೆ. ಆಗ ಬಾಗಿದ ಸಣ್ಣ ಸಣ್ಣ ಉಕ್ಕಿನ ಕೊಕ್ಕೆಗಳನ್ನು ಹಿಡಿದು ಆ ಬಿಳಿ ಪದರದಲ್ಲೇ ಮತ್ತೊಮ್ಮೆ ಕೆತ್ತುತ್ತಾರೆ. ಎಲೆಯ ನರ, ಹೂವಿನ ಕೇಸರ, ಹಿನ್ನೆಲೆಯ ಜಾಲರಿ ಇವೆಲ್ಲ ಹುಟ್ಟುವುದು ಈ ಎರಡನೆಯ ಕೆತ್ತನೆಯಲ್ಲಿ. ಫ್ರೆಂಚರು ಇದನ್ನು ರಪಾರ್ಯೂರ್ ಎನ್ನುತ್ತಾರೆ. ಆಮೇಲೆ ಕೆಮ್ಮಣ್ಣಿನಂಥ ನುಣುಪಾದ ಜೇಡಿಯ ಲೇಪ. ಅದರ ಮೇಲೆ ನೀರು ತೇವ ಮಾಡಿ, ಉಸಿರಾಡಿದರೆ ಹಾರಿಹೋಗುವ ಚಿನ್ನದ ರೇಕನ್ನು ಅಳಿಲಿನ ಕೂದಲಿನ ಕುಂಚದಿಂದ ಎತ್ತಿ ಕೂರಿಸುತ್ತಾರೆ. ಒಣಗಿದ ಮೇಲೆ ಉಬ್ಬಿದ ಜಾಗಗಳನ್ನು ಮಾತ್ರ ಅಗೇಟ್ ಕಲ್ಲಿನಿಂದ ತಿಕ್ಕಿ ಮೆರುಗು ಕೊಟ್ಟು, ಉಳಿದದ್ದನ್ನು ಮಂಕಾಗಿಯೇ ಬಿಡುತ್ತಾರೆ. ಒಂದೇ ಚಿನ್ನದಲ್ಲಿ ಎರಡು ಬೆಳಕು. ದೀಪದ ಬೆಳಕಿನ ಕಾಲಕ್ಕೆ ಹೇಳಿಮಾಡಿಸಿದ್ದು.

ಮೈಸೂರು ಶೈಲಿಯ ಚಿತ್ರಗಳಲ್ಲಿ ಗೆಸ್ಸೊ ಎಂಬ ಲೇಪದಿಂದ ಉಬ್ಬು ಕೆಲಸ ಮಾಡಿ ಚಿನ್ನದ ರೇಕು ಹಚ್ಚುವುದನ್ನು ಕಂಡವರಿಗೆ ಇದರ ತತ್ವ ಹೊಸದಲ್ಲ. ಸಾಮಗ್ರಿ ಮಾತ್ರ ಪೂರಾ ಬೇರೆ. ನಮ್ಮಲ್ಲಿ ಗಿಡದ ಅಂಟು, ಅಲ್ಲಿ ಚರ್ಮದ ಅಂಟು. ರಿಪೇರಿಯ ವಿಷಯ ಬಂದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ. (ದೇವರ ಕೋಣೆಯಲ್ಲಿ ತೂಗುಹಾಕುವ ಯೋಚನೆ ಇದ್ದವರಿಗೂ ಮುಖ್ಯವಾಗಬಹುದು, ಮೊದಲೇ ಹೇಳಿಬಿಟ್ಟೆ.)

ನೀರು ತೇವ ಮಾಡಿ ಕೂರಿಸಿದ ಈ ಚಿನ್ನವನ್ನು, ಎಂದರೆ ನೀರಿನ ಚಿನ್ನವನ್ನು, ಗುರುತಿಸುವುದು ಹೀಗೆ. ರೇಕುಗಳು ಒಂದರ ಮೇಲೊಂದು ಸ್ವಲ್ಪ ಹಾಯ್ದಿರುವ ಕಡೆ ತೆಳ್ಳನೆಯ ಗೆರೆಗಳು ಕಾಣುತ್ತವೆ, ಅಂಗೈಗಿಂತ ಕಡಿಮೆ ಅಂತರದಲ್ಲಿ. ಸವೆದ ಕಡೆ ಕೆಂಪು ಜೇಡಿ ಇಣುಕುತ್ತದೆ, ಇನ್ನೂ ಸವೆದರೆ ಬಿಳಿ. ಸವೆತಕ್ಕೂ ಒಂದು ನ್ಯಾಯವಿದೆ: ಕೈ ತಾಕುವ ಬದಿಗಳು, ಧೂಳು ಹೊಡೆಯುವ ಬಟ್ಟೆ ಉಜ್ಜುವ ಉಬ್ಬುಗಳು ಮೊದಲು ಸವೆಯುತ್ತವೆ. ಆಳದ ಸಂದಿಯಲ್ಲಿ ಸವೆದು, ಮೇಲಿನ ಉಬ್ಬು ಹೊಸದಾಗಿಯೇ ಇದ್ದರೆ ಯಾರೋ ಕೂತು ಸವೆಸಿದ್ದಾರೆ.

ಎಣ್ಣೆಯ ಚಿನ್ನದಲ್ಲಿ ರೇಕು ಅದೇ, ಅಂಟು ಮಾತ್ರ ಅಗಸೆ ಎಣ್ಣೆಯದು. ಕೆಲಸ ಬೇಗ ಮುಗಿಯುತ್ತದೆ, ಗಾಳಿಯ ತೇವಕ್ಕೆ ತಡೆಯುತ್ತದೆ, ಆದರೆ ಕಲ್ಲಿನಿಂದ ಮೆರುಗು ಕೊಡಲಾಗದು. ಎಲ್ಲ ಕಡೆ ಒಂದೇ ಮಂಕು ಹೊಳಪು. ಹತ್ತೊಂಬತ್ತನೇ ಶತಮಾನದ ಒಳ್ಳೆಯ ಕಾರ್ಖಾನೆಗಳು ಎರಡನ್ನೂ ಬೆರೆಸುತ್ತಿದ್ದವು: ಕಣ್ಣಿಗೆ ಬೀಳುವ ಪಟ್ಟಿಗೆ ನೀರಿನದು, ಉಳಿದದ್ದಕ್ಕೆಲ್ಲ ಎಣ್ಣೆಯದು. ಅದೇನೂ ದೋಷವಲ್ಲ.

ದೋಷವೆಂದರೆ ಹಿತ್ತಾಳೆ ಪುಡಿಯ ಬಣ್ಣ. ಹಚ್ಚಿದ ವರ್ಷ ಚಿನ್ನದಂತೆಯೇ ಇರುತ್ತದೆ, ಕೆಲವೇ ವರ್ಷಕ್ಕೆ ಕಂದಿ ಹಸಿರುಗಪ್ಪಾಗುತ್ತದೆ. ಎಷ್ಟೋ ಒಳ್ಳೆಯ ಹಳೆಯ ಚೌಕಟ್ಟುಗಳ ಮೇಲೆ ಹಿಂದಿನ ಮಾಲೀಕರು ಸವೆತ ಮುಚ್ಚಲೆಂದು ಇದನ್ನು ಬಳಿದುಬಿಟ್ಟಿದ್ದಾರೆ. ಅಡಿಯಲ್ಲಿ ಮೂಲ ಚಿನ್ನ ಉಳಿದಿದ್ದರೆ ನುರಿತ ಕೈ ಅದನ್ನು ಬಿಡಿಸಿ ತೆಗೆಯಬಲ್ಲದು. ತಿಂಗಳುಗಟ್ಟಲೆ ಕೆಲಸ, ಖರ್ಚು ಕನ್ನಡಿಯ ಬೆಲೆಯನ್ನೇ ಮೀರಬಹುದು. ಅಂಗಡಿಯವ "ಸ್ವಲ್ಪ ಒರೆಸಿದರೆ ಹೋಗುತ್ತದೆ" ಎಂದರೆ ನಗುತ್ತಾ ಮುಂದೆ ಹೋಗಿ.

ಸವೆದ ಮೂಲ ಚಿನ್ನ ಒಂದು ಕಡೆ, ಹೊಸದಾಗಿ ಮತ್ತೆ ಚಿನ್ನ ಹಾಕಿಸಿದ ಪಳಪಳ ಚೌಕಟ್ಟು ಇನ್ನೊಂದು ಕಡೆ. ನೀವು ಯಾವುದನ್ನು ಕೊಳ್ಳುತ್ತೀರಿ? ನಾನು ಕಣ್ಣು ಮುಚ್ಚಿ ಮೊದಲನೆಯದು. ಸವೆತ ಕಂಡು ಇದು ಮಡಿಕೆ ಹರಿದ ಸೀರೆಯೆಂದು ಮೂಗು ಮುರಿಯುವವರಿದ್ದಾರೆ, ಇರಲಿ. ಮತ್ತೆ ಚಿನ್ನ ಹಾಕುವಾಗ ಸಾಮಾನ್ಯವಾಗಿ ಹಳೆಯ ಬಿಳಿ ಪದರದ ಮೇಲೇ ಹೊಸ ಬಿಳಿ ಬಳಿಯುತ್ತಾರೆ, ಆಗ ರಪಾರ್ಯೂರ್‌ನ ಸೂಕ್ಷ್ಮವೆಲ್ಲ ಹೂತುಹೋಗುತ್ತದೆ. ಎಲೆಯ ನರ ಮಾಯವಾಗಿ ಎಲೆ ಊದಿಕೊಂಡಂತೆ ಕಾಣುವ ಕೆತ್ತನೆ ಕಂಡರೆ ಕಾರಣ ಹೆಚ್ಚಾಗಿ ಇದೇ. ಹೋದ ಚಿನ್ನವನ್ನು ಮತ್ತೆ ಹಾಕಬಹುದು, ಹೂತುಹೋದ ಕೆತ್ತನೆಯನ್ನು ಬಿಡಿಸುವುದು ಸುಲಭವಲ್ಲ.

ಗಾಜು: ಪಾದರಸದ್ದೋ, ಬೆಳ್ಳಿಯದೋ

ಹದಿನೇಳನೇ ಶತಮಾನದ ನಡುವಿನವರೆಗೆ ಒಳ್ಳೆಯ ಕನ್ನಡಿ ಎಂದರೆ ಇಟಲಿಯ ವೆನಿಸ್ಸಿನದು. ಕನ್ನಡಿಗಾಗಿ ಹಣ ಅಲ್ಲಿಗೆ ಹೊರಹೋಗುವುದನ್ನು ನಿಲ್ಲಿಸಲು 14ನೇ ಲೂಯಿಯ ಮಂತ್ರಿ ಕೋಲ್ಬೆರ್ 1665ರಲ್ಲಿ ರಾಜಮಾನ್ಯ ಕನ್ನಡಿ ಕಾರ್ಖಾನೆ ಹುಟ್ಟುಹಾಕಿಸಿದ. ಇಂದಿನ ಸ್ಯಾಂ-ಗೋಬ್ಯಾಂ ಕಂಪನಿಯ ಬೇರು ಅದೇ. 1684ರಲ್ಲಿ ಮುಗಿದ ವರ್ಸೈ ಅರಮನೆಯ ಕನ್ನಡಿ ಸಭಾಂಗಣದಲ್ಲಿ 357 ಗಾಜುಗಳಿವೆ, ಒಂದೂ ದೊಡ್ಡದಲ್ಲ. ಆಗ ಗಾಜನ್ನು ಊದಿ, ಸೀಳಿ, ಚಪ್ಪಟೆ ಮಾಡುತ್ತಿದ್ದರು, ಅದಕ್ಕೊಂದು ಮಿತಿಯಿತ್ತು. ಆ ಶತಮಾನದ ಕೊನೆಯ ಹೊತ್ತಿಗೆ ಕರಗಿದ ಗಾಜನ್ನು ಲೋಹದ ಮೇಜಿನ ಮೇಲೆ ಸುರಿದು ಉರುಳೆಯಿಂದ ಹರಡುವ ವಿಧಾನ ಬಂದು ದೊಡ್ಡ ಹಲಗೆಗಳು ಸಾಧ್ಯವಾದವು. ಸಾಧ್ಯವಾದವು, ಅಗ್ಗವಾಗಲಿಲ್ಲ. ಹದಿನೆಂಟನೇ ಶತಮಾನದುದ್ದಕ್ಕೂ ದೊಡ್ಡ ಕನ್ನಡಿಯಲ್ಲಿ ಚೌಕಟ್ಟಿಗಿಂತ ಗಾಜೇ ದುಬಾರಿ. ಅದಕ್ಕೇ ಎರಡು ತುಂಡು ಗಾಜನ್ನು ಒಂದರ ಮೇಲೊಂದು ಜೋಡಿಸಿದ ಕನ್ನಡಿಗಳು ಅಷ್ಟು ಸಿಗುವುದು. ಈಗಿನ ಕೊಳ್ಳುವವರು ಆ ಅಡ್ಡಗೆರೆಯನ್ನು ಕುಂದು ಎಂದುಕೊಳ್ಳುತ್ತಾರೆ. ನನ್ನ ಕಣ್ಣಿಗೆ ಅದು ಸಾಕ್ಷಿ. ಆಳೆತ್ತರದ ಹದಿನೆಂಟನೇ ಶತಮಾನದ ಚೌಕಟ್ಟಿನಲ್ಲಿ ಒಂದೇ ಅಖಂಡ ಗಾಜು ಕಂಡರೆ ನಾನು ಅದನ್ನೇ ಎರಡು ಸಲ ನೋಡುತ್ತೇನೆ.

ಆ ಕಾಲದ ಗಾಜಿನ ಹಿಂದೆ ಇರುವುದು ತವರದ ತೆಳು ಹಾಳೆ ಮತ್ತು ಪಾದರಸ ಕೂಡಿ ಆದ ಲೇಪ. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯನ್ನು ಕೂರಿಸುವ ರಾಸಾಯನಿಕ ಕ್ರಿಯೆಯನ್ನು ಗುರುತಿಸಿದ. ಆ ಶತಮಾನದ ಉತ್ತರಾರ್ಧದಲ್ಲಿ ಬೆಳ್ಳಿಯ ಲೇಪ ಮೆಲ್ಲಗೆ ಪಾದರಸದ ಜಾಗ ಹಿಡಿಯಿತು. ಪಾದರಸದ ಆವಿ ಕುಡಿದು ಕೈಕಾಲು ನಡುಗುವ ಕೆಲಸಗಾರರ ಪಾಲಿಗೆ ಅದೊಂದು ಬಿಡುಗಡೆ.

ನೋಟದಲ್ಲಿ ಎರಡಕ್ಕೂ ವ್ಯತ್ಯಾಸ ಢಾಳಾಗಿದೆ. ಪಾದರಸದ ಕನ್ನಡಿಯ ಬೆಳಕು ನೀಲಿಬೂದು, ಮೆತ್ತಗೆ, ಮುಖದ ಮೇಲಿನ ಗೆರೆಗಳನ್ನು ಕ್ಷಮಿಸುವಂಥದು. ಹಳತಾದಂತೆ ಅದರಲ್ಲಿ ಸಕ್ಕರೆ ಹರಳಿನಂಥ ಮಿನುಗು ಚುಕ್ಕೆಗಳು ಏಳುತ್ತವೆ. ಬೆಳ್ಳಿಯ ಕನ್ನಡಿಯ ಬಿಂಬ ನಿಚ್ಚಳ, ಕೊಂಚ ಹಳದಿ ಛಾಯೆ, ಕೆಟ್ಟರೆ ಅಂಚಿನಿಂದ ಕಪ್ಪು ಅಥವಾ ಕಂದು ಕಲೆಗಳು. ಒಂದು ಬಿಳಿ ಕಾಗದವನ್ನು ಗಾಜಿನ ಮುಂದೆ ಹಿಡಿದು ಬಿಂಬದ ಬಣ್ಣವನ್ನು ಕಾಗದದ ಬಣ್ಣಕ್ಕೆ ಹೋಲಿಸಿದರೆ ಸಾಕು. ಹಿಂಬದಿಯ ಹಲಗೆ ಬಿಚ್ಚಲು ಬಿಟ್ಟರೆ ಇನ್ನೂ ಸುಲಭ: ಪಾದರಸದ್ದರ ಬೆನ್ನು ಬರಿ ಲೋಹದ ಬೂದುಬಣ್ಣ, ಬೆಳ್ಳಿಯದಕ್ಕೆ ರಕ್ಷಣೆಗೆಂದು ಬಳಿದ ಬಣ್ಣ ಇರುತ್ತದೆ. ಕೀಲಿಯ ತುದಿಯನ್ನು ಗಾಜಿಗೆ ತಾಗಿಸಿ ನೋಡಿ: ಕೀಲಿಗೂ ಅದರ ಬಿಂಬಕ್ಕೂ ನಡುವಿನ ಸಂದು ಗಾಜಿನ ದಪ್ಪವನ್ನು ಹೇಳುತ್ತದೆ. ಹಳೆಯ ಗಾಜು ತೆಳು, ದಪ್ಪವೂ ಎಲ್ಲ ಕಡೆ ಒಂದೇ ಇರುವುದಿಲ್ಲ. ಸಾಣೆ ಹಿಡಿದ ಅಂಚಿದ್ದರೆ ಅದರ ಇಳಿಜಾರು ಎಷ್ಟು ಸಣ್ಣದೆಂದರೆ ಕಣ್ಣಿಗಿಂತ ಬೆರಳಿಗೇ ಮೊದಲು ಗೊತ್ತಾಗುತ್ತದೆ.

ಯಾವುದು ಮೇಲು? ಚೌಕಟ್ಟು ಹದಿನೆಂಟನೇ ಶತಮಾನದ್ದಾಗಿ, ಗಾಜು ಮೂಲದ್ದೇ ಆಗಿದ್ದರೆ ಬೆಲೆಯೂ ಗೌರವವೂ ಹೆಚ್ಚು. ದಿನಾ ಮುಖ ನೋಡಿಕೊಳ್ಳಲು, ಕ್ಷೌರಕ್ಕೆ, ಸೀರೆ ಉಡಲು ಬೇಕು ಎನ್ನುವವರಿಗೆ ಬೆಳ್ಳಿಯ ಗಾಜೇ ಸರಿ, ಬೇರೆ ಮಾತಿಲ್ಲ. ಮೂಲ ಗಾಜು ಕಲೆಯಾಗಿದೆ ಎಂದು ಅದನ್ನು ಉಜ್ಜಿಸಿ ಹೊಸ ಲೇಪ ಹಾಕಿಸಬೇಡಿ. ಬೇಕಿದ್ದರೆ ಆ ಗಾಜನ್ನು ಜೋಪಾನವಾಗಿ ತೆಗೆಸಿಟ್ಟು ಹೊಸ ಗಾಜು ಕೂರಿಸಿ.

ಸುರಕ್ಷತೆಯ ಮಾತು: ಗೋಡೆಯ ಮೇಲೆ ನೆಟ್ಟಗೆ ನಿಂತ, ಲೇಪ ಗಟ್ಟಿಯಾಗಿರುವ ಪಾದರಸದ ಕನ್ನಡಿಗೆ ಹೆದರಬೇಕಿಲ್ಲ. ಆದರೆ ಚೌಕಟ್ಟಿನ ಕೆಳಅಂಚಿನಲ್ಲಿ ಬೆಳ್ಳಿಯಂಥ ಹನಿಗಳು ಕೂಡಿಕೊಂಡಿದ್ದರೆ ಅದು ಬಿಟ್ಟುಬಂದ ಪಾದರಸ. ಅಂಥದನ್ನು ಮಕ್ಕಳಿರುವ ಮನೆಗೆ ತರಬೇಡಿ. ಒಡೆದರೆ ವ್ಯಾಕ್ಯೂಮ್ ಕ್ಲೀನರ್ ಹಾಕಲೇಬಾರದು, ಅದು ಪಾದರಸವನ್ನು ಆವಿಯಾಗಿಸಿ ಮನೆತುಂಬ ಹರಡುತ್ತದೆ.

ಈಗ ಶೈಲಿ

14ನೇ ಲೂಯಿಯ ಕೊನೆಯ ವರ್ಷಗಳು ಮತ್ತು 1715ರಿಂದ 1723ರವರೆಗಿನ ರಾಜಪ್ರತಿನಿಧಿಯ ಕಾಲ, ರೇಜಾನ್ಸ್, ಇವುಗಳ ಕನ್ನಡಿಗೆ ಎರಡು ಚೌಕಟ್ಟು ಒಂದರೊಳಗೊಂದು. ನಡುವಿನ ಸಂದಿಗೆ ಕನ್ನಡಿಯ ಸಣ್ಣ ಪಟ್ಟಿಗಳನ್ನೇ ಕೂರಿಸಿರುತ್ತಾರೆ. ಪಾರ್‌ಕ್ಲೋಸ್ ಕನ್ನಡಿ ಎಂದು ಕೇಳಿ. ದೊಡ್ಡ ಗಾಜು ಸಿಗದ ಕಾಲದಲ್ಲಿ ಸಣ್ಣ ಗಾಜುಗಳಿಂದ ದೊಡ್ಡ ಕನ್ನಡಿ ಮಾಡುವ ಜಾಣತನ ಇದು. ಮೇಲೆ ಎತ್ತರದ ಕಿರೀಟ, ಅದರಲ್ಲಿ ಅಕಾಂತಸ್ ಎಂಬ ಗಿಡದ ಎಲೆ, ಮುಖವಾಡ, ಹೂಬುಟ್ಟಿ, ಹಕ್ಕಿ. ಇದರ ಹಳ್ಳಿಯ ತಂಗಿ ಬೋಕೇರ್ ಕನ್ನಡಿ. ರೋನ್ ನದಿಯ ದಡದ ಬೋಕೇರ್ ಊರಿನ ಜುಲೈ ಜಾತ್ರೆ ಆ ಸೀಮೆಗೇ ಹೆಸರುವಾಸಿ, ಕನ್ನಡಿಗೂ ಊರಿನದೇ ಹೆಸರು ನಿಂತಿತು. ಕೆತ್ತನೆ ಪ್ಯಾರಿಸ್ಸಿನಷ್ಟು ನಾಜೂಕಲ್ಲ, ಹಕ್ಕಿಯ ಕತ್ತು ಉದ್ದವಾಗಿರುತ್ತದೆ, ದ್ರಾಕ್ಷಿ ಗೊಂಚಲು ಚೌಕಟ್ಟಿಗಿಂತ ದೊಡ್ಡದಾಗಿರುತ್ತದೆ. ಪ್ಯಾರಿಸ್ಸಿನದಕ್ಕೆ ಹೋಲಿಸಿದರೆ ಬೆಲೆ ಇಳಿಕೆ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಇದರಲ್ಲಿ ಖೋಟಾ ಕೂಡ ಇದೆ, ಆದರೆ ಕೈಕೆಲಸದ ಒಡ್ಡುತನವನ್ನು ನಕಲು ಮಾಡುವುದು ನಾಜೂಕನ್ನು ನಕಲು ಮಾಡುವುದಕ್ಕಿಂತ ಕಷ್ಟ. ಒಂದೇ ಗಮನ: ಸುತ್ತಲಿನ ಸಣ್ಣ ಗಾಜುಗಳಲ್ಲಿ ಎಷ್ಟು ಮೂಲದ್ದು, ಎಷ್ಟು ಬದಲಾಯಿಸಿದ್ದು ಎಂದು ಒಂದೊಂದನ್ನೂ ಕಾಗದ ಹಿಡಿದು ನೋಡಿ. ಎರಡು ಮೂರು ಬದಲಾಗಿದ್ದರೆ ಪರವಾಗಿಲ್ಲ. ನಡುವಿನದೂ ಬದಲಾಗಿದ್ದರೆ ಚೌಕಾಸಿ ಮಾಡಿ.

15ನೇ ಲೂಯಿಯ ಕಾಲದ ರೊಕಾಯ್ ಶೈಲಿಗೆ ಎಡಬಲ ಒಂದೇ ಇರಬೇಕೆಂಬ ಹಂಗಿಲ್ಲ. ಕಿರೀಟದ ಚಿಪ್ಪು ಒಂದು ಪಕ್ಕಕ್ಕೆ ವಾಲುತ್ತದೆ, ಹೂಬಳ್ಳಿ ಒಂದೇ ಬದಿ ಹತ್ತುತ್ತದೆ, ಜೊಂಡುಹುಲ್ಲು ಚೌಕಟ್ಟನ್ನು ದಾಟಿ ಗಾಜಿನ ಮೇಲೆ ಚಾಚುತ್ತದೆ. ನಿಕೊಲಾ ಪಿನೋನಂಥ ಕೆತ್ತನೆಗಾರರು ರೂಢಿಗೆ ತಂದ ಆ ಓಲಾಟದಲ್ಲಿ ತೂಕ ತಪ್ಪಿದಂತೆ ಕಂಡರೂ ತಪ್ಪಿರುವುದಿಲ್ಲ. ಹತ್ತೊಂಬತ್ತನೇ ಶತಮಾನದ ನಕಲಿನಲ್ಲಿ ಒಂದೋ ಎರಡೂ ಬದಿ ಒಂದೇ ಆಗಿಬಿಡುತ್ತವೆ, ಇಲ್ಲವೇ ಓಲಾಟ ಬರಿ ಗೋಜಲಾಗುತ್ತದೆ. ಈ ನೀಳ ಎಳೆಗಳೇ ಮೊದಲು ಮುರಿಯುವುದು, ಹಾಗಾಗಿ ರಿಪೇರಿ ಇಲ್ಲದ್ದು ಸಿಗುವುದಿಲ್ಲ ಎಂದೇ ಹೊರಡಿ. ಸಾಧಾರಣ ಗೋಡೆಗೆ ಇದು ಹೆಚ್ಚಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸುತ್ತ ಖಾಲಿ ಗೋಡೆ ಧಾರಾಳ ಬೇಕು.

ಹೂತುಹೋಗಿದ್ದ ರೋಮನ್ ಊರುಗಳಾದ ಹರ್ಕ್ಯುಲೇನಿಯಮ್ಮಿನಲ್ಲಿ 1738ರಲ್ಲಿ, ಪಾಂಪೆಯಲ್ಲಿ 1748ರಲ್ಲಿ ಅಗೆತ ಶುರುವಾಗಿ, ಪ್ರಾಚೀನ ರೋಮಿನ ಗೀಳು ಯೂರೋಪಿಗೆ ಹಿಡಿದ ಮೇಲೆ ವಕ್ರರೇಖೆ ಹೋಗಿ ಸರಳರೇಖೆ ಬಂತು. 16ನೇ ಲೂಯಿ ಪಟ್ಟಕ್ಕೆ ಬಂದದ್ದು 1774ರಲ್ಲಿ, ಅವನ ಹೆಸರಿನ ಶೈಲಿ ಅದಕ್ಕೂ ಮೊದಲೇ ನೆಲೆಯೂರಿತ್ತು. ಆಯತಾಕಾರದ ಚೌಕಟ್ಟು, ಅದರ ಒಳಅಂಚಿಗೆ ಮುತ್ತಿನ ಸಾಲು, ಮೇಲೆ ರಿಬ್ಬನ್ ಗಂಟು, ಜೋಡಿ ಪಾರಿವಾಳ, ಬತ್ತಳಿಕೆ ಮತ್ತು ಪಂಜು, ಇಲ್ಲವೇ ವಾದ್ಯಗಳು ಅಥವಾ ತೋಟದ ಗುದ್ದಲಿ ಕುಂಟೆ. ಇಂದಿನ ಮನೆಗೆ ಎಲ್ಲಕ್ಕಿಂತ ಸುಲಭವಾಗಿ ಹೊಂದುವುದು ಇದು. ಮೋಸ ಹೆಚ್ಚಾಗಿ ಆಗುವುದೂ ಇದರಲ್ಲೇ.

ಯಾಕೆಂದರೆ ಮೂರನೇ ನೆಪೋಲಿಯನ್ನನ (1852–1870) ರಾಣಿ ಯೂಜೆನಿಗೆ 16ನೇ ಲೂಯಿಯ ರಾಣಿ ಮರಿ ಆಂತ್ವಾನೆತ್ ಎಂದರೆ ಎಲ್ಲಿಲ್ಲದ ಆರಾಧನೆ. ಅವಳ ಅಭಿರುಚಿಯ ಬೆನ್ನುಹತ್ತಿ ರಿಬ್ಬನ್ನು, ಪಾರಿವಾಳ, ಬತ್ತಳಿಕೆ ಎಲ್ಲ ಮತ್ತೆ ಬಂದವು, ಈ ಸಲ ಅಚ್ಚಿನಲ್ಲಿ, ಸಾವಿರಗಟ್ಟಲೆ. ಎರಡನ್ನೂ ಬೇರ್ಪಡಿಸಲು ಮುತ್ತಿನ ಸಾಲನ್ನು ಹತ್ತಿರದಿಂದ ನೋಡಿ. ಮರದಲ್ಲಿ ಕೆತ್ತಿದ ಮುತ್ತುಗಳಲ್ಲಿ ಒಂದು ಪೂರ್ತಿ ದುಂಡು, ಪಕ್ಕದ್ದು ಕೊಂಚ ಮೊಟ್ಟೆ, ಮೂಲೆಗೆ ಬಂದಾಗ ಲೆಕ್ಕ ತಪ್ಪಿ ಒಂದು ಮುತ್ತನ್ನು ಕಿರಿದು ಮಾಡಿ ತುಂಬಿಸಿರುತ್ತಾರೆ. ಅಚ್ಚಿನ ಮುತ್ತುಗಳು ಸಾಲಾಗಿ ಬಂದು ಮೂಲೆಯಲ್ಲಿ ಕತ್ತರಿಸಿಕೊಂಡಿರುತ್ತವೆ, ಅರ್ಧ ಮುತ್ತಿಗೆ ಅರ್ಧ ಮುತ್ತು ತಾಗಿಕೊಂಡು. ಗಾತ್ರವೂ ಸುಳಿವು ಕೊಡುತ್ತದೆ. ಆಳೆತ್ತರ ಮೀರಿ, ಅಗ್ಗಿಷ್ಟಿಕೆಯ ಮೇಲೆ ಛಾವಣಿಯವರೆಗೆ ಏರುವಂಥದ್ದಾದರೆ ಹತ್ತೊಂಬತ್ತನೇ ಶತಮಾನ ಎಂದೇ ಮೊದಲು ಅಂದುಕೊಳ್ಳಿ.

16ನೇ ಲೂಯಿಗೂ ಮೂರನೇ ನೆಪೋಲಿಯನ್ನನಿಗೂ ನಡುವೆ ಬಂದ, ಮೊದಲ ನೆಪೋಲಿಯನ್ನನ ಕಾಲದ ಆಂಪೀರ್ ಶೈಲಿಯಲ್ಲಿ ಕಂಬ, ತಾಳೆಗರಿ, ಹಂಸ; ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಬಿಡಿ.

ಫ್ರಾನ್ಸಿನ ದೊರೆ ಲೂಯಿ-ಫಿಲಿಪ್ (1830–1848) ಕಾಲದ ಕನ್ನಡಿಯ ಬಗ್ಗೆ ಮಾತ್ರ ಒಂದು ಒಳ್ಳೆಯ ಮಾತು ಹೇಳಲೇಬೇಕು. ಮೇಲಿನ ಎರಡು ಮೂಲೆ ದುಂಡಗೆ, ಕೆಳಗಿನ ಎರಡು ಚೂಪು. ಉಬ್ಬು ಕೆತ್ತನೆ ಇಲ್ಲ, ಬಿಳಿ ಪದರದಲ್ಲಿ ಗೀಚಿದ ಸಣ್ಣ ಹೂವು, ಜಾಲರಿ. ಎಷ್ಟೋ ಸಲ ಅದು ಚಿನ್ನವೂ ಅಲ್ಲ, ಬೆಳ್ಳಿ ರೇಕಿನ ಮೇಲೆ ಹಳದಿ ವಾರ್ನಿಷು. ಆ ಹೊಳಪಿಗೆ ತಣ್ಣನೆಯ ಒಂದು ಗುಣವಿದೆ. ಶೈಲಿ ಶತಮಾನದ ಕೊನೆಯವರೆಗೂ ನಡೆದದ್ದರಿಂದ ಧಾರಾಳ ಸಿಗುತ್ತದೆ, ಹಗುರ, ಮುರಿಯುವ ಚಾಚುಗಳಿಲ್ಲ, ಸಾಗಿಸುವುದು ಸುಲಭ. ಕೆತ್ತನೆಯ ಹುಚ್ಚಿಲ್ಲದ, ಹಳೆಯದೊಂದು ಕನ್ನಡಿ ಇರಲಿ ಎನ್ನುವವರು ಇದರಾಚೆ ಹುಡುಕಬೇಕಾಗಿಲ್ಲ.

ತ್ರುಮೋ ಎಂಬುದು ಶೈಲಿಯಲ್ಲ, ಜಾತಿಯೇ ಬೇರೆ. ಗೋಡೆಯ ಮರದ ಹೊದಿಕೆಯ ಭಾಗವಾಗಿ, ಎರಡು ಕಿಟಕಿಗಳ ನಡುವೆಯೋ ಅಗ್ಗಿಷ್ಟಿಕೆಯ ಮೇಲೆಯೋ ಇದ್ದದ್ದನ್ನು ಕಿತ್ತು ಮಾರುತ್ತಾರೆ. ಕೆಳಗೆ ಗಾಜು, ಮೇಲೆ ಚಿತ್ರ ಅಥವಾ ಕೆತ್ತನೆಯ ಹಲಗೆ. ಬದಿಯ ಮರವನ್ನು ಗರಗಸದಿಂದ ಕೊಯ್ದ ಗುರುತಿದ್ದರೆ ಅದು ತಪ್ಪಲ್ಲ, ಹುಟ್ಟಿನ ಗುರುತು. ಆದರೆ ಮೇಲಿನ ಚಿತ್ರ ಬೇರೆ ಕಡೆಯಿಂದ ತಂದು ತುರುಕಿದ್ದೇ ಎಂದು ನೋಡಿ. ಚಿತ್ರದ ವಸ್ತು ಅರ್ಧಕ್ಕೆ ಕತ್ತರಿಸಿದಂತಿದ್ದರೆ ಹಾಗೇ ಆಗಿದೆ. ಎತ್ತರ ಅಳೆದುಕೊಂಡು ಹೋಗಿ. ಅಪಾರ್ಟ್‌ಮೆಂಟಿನ ಲಿಫ್ಟಿಗೆ ಹಿಡಿಸದೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇದೇ.

ಬಿಲ್ಲು, ಸಾಗಣೆ, ಗೋಡೆ

ಫ್ರಾನ್ಸಿನಲ್ಲಿ ಕೊಳ್ಳುವವರ ಕೈಯಲ್ಲಿ ಒಂದು ಆಯುಧವಿದೆ. 1981ರ ಮಾರ್ಚ್ 3ರ ಸರ್ಕಾರಿ ಆದೇಶದ ಪ್ರಕಾರ ಬಿಲ್ಲಿನಲ್ಲಿ "ಎಪೋಕ್ (ಕಾಲ) ಲೂಯಿ 15" ಎಂದು ಬರೆದುಕೊಟ್ಟರೆ ವಸ್ತು ಆ ಕಾಲದ್ದೇ ಎಂದು ಮಾರುವವ ಖಾತರಿ ಕೊಟ್ಟಂತೆ. "ಸ್ತೀಲ್ (ಶೈಲಿ) ಲೂಯಿ 15" ಎಂದು ಬರೆದರೆ ಕಾಲದ ಬಗ್ಗೆ ಯಾವ ಖಾತರಿಯೂ ಇಲ್ಲ, ಮೊನ್ನೆ ಮಾಡಿದ್ದಾದರೂ ಆದೀತು. ಬಾಯಲ್ಲಿ ಎಪೋಕ್ ಎನ್ನುತ್ತಾ ಬಿಲ್ಲಿನಲ್ಲಿ ಸ್ತೀಲ್ ಬರೆಯುವವರಿಗೆ ಕಡಿಮೆಯಿಲ್ಲ. ರಿಪೇರಿ, ಬದಲಾದ ಭಾಗ, ಗಾಜು ಮೂಲದ್ದೋ ಅಲ್ಲವೋ ಎಂಬುದನ್ನೂ ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಭಾರತಕ್ಕೆ ತರುವುದಾದರೆ ಈ ಬಿಲ್ಲು ಇನ್ನೊಂದು ಕೆಲಸಕ್ಕೂ ಬರುತ್ತದೆ. ಕಸ್ಟಮ್ಸ್ ಪಟ್ಟಿಯಲ್ಲಿ ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳಿಗೆ 9706 ಎಂಬ ಬೇರೆಯೇ ಶೀರ್ಷಿಕೆ ಇದೆ, ವಯಸ್ಸಿಗೆ ಕಾಗದದ ಆಧಾರವಿಲ್ಲದಿದ್ದರೆ ಅದು ಮಾಮೂಲಿ ಕನ್ನಡಿಯಾಗಿಬಿಡುತ್ತದೆ. ಮರದ ಪೆಟ್ಟಿಗೆಯಲ್ಲಿ ಕಳಿಸುವಾಗ ಆ ಪೆಟ್ಟಿಗೆಯ ಮರಕ್ಕೆ ಹುಳುನಾಶಕ ಉಪಚಾರ ಆಗಿದೆ ಎಂಬ ಐಎಸ್‌ಪಿಎಂ 15 ಎಂಬ ಅಂತಾರಾಷ್ಟ್ರೀಯ ಮುದ್ರೆ ಬೇಕು. ಗಾಜು ಪಾದರಸದ್ದೆಂದು ಸಾಗಣೆಯವರಿಗೆ ಮೊದಲೇ ತಿಳಿಸಿ, ಪೆಟ್ಟಿಗೆ ಮಲಗಿಸದೆ ನಿಲ್ಲಿಸಿಯೇ ಕಳಿಸಲು ಹೇಳಿ.

ಬೆಂಗಳೂರು, ಮೈಸೂರಿನ ಹವೆಗೆ ನೀರಿನ ಚಿನ್ನ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ. ಮಂಗಳೂರು, ಕಾರವಾರ, ಉಡುಪಿಯ ಮಳೆಗಾಲ ಅದಕ್ಕೆ ಆಗಿಬರುವುದಿಲ್ಲ. ಅಂಟು ತೇವ ಹೀರಿ ಊದಿ, ಬೇಸಿಗೆಯಲ್ಲಿ ಕುಗ್ಗಿ, ಬಿಳಿ ಪದರ ಚಿಪ್ಪುಚಿಪ್ಪಾಗಿ ಏಳುತ್ತದೆ. ಕರಾವಳಿಯವರು ಎಣ್ಣೆಯ ಚಿನ್ನದ್ದನ್ನು ಆರಿಸಿದರೆ ನೆಮ್ಮದಿ. ಎಲ್ಲಿಯವರೇ ಆಗಲಿ ಒದ್ದೆ ಬಟ್ಟೆ ತಾಗಿಸಬಾರದು. ಅಂಟು ನೀರಿಗೆ ಕರಗುವಂಥದು, ಹಬ್ಬಕ್ಕೆ ಮನೆ ತೊಳೆಯುವ ಉತ್ಸಾಹದಲ್ಲಿ ಒಂದು ಸಲ ಒರೆಸಿದರೂ ಚಿನ್ನ ಬಟ್ಟೆಗೆ ಬರುತ್ತದೆ. ಮೆತ್ತನೆಯ ಒಣ ಕುಂಚ ಸಾಕು. ಎಸಿಯ ಗಾಳಿ ನೇರವಾಗಿ ಬಡಿಯುವ ಗೋಡೆ, ಒಗ್ಗರಣೆಯ ಹೊಗೆ ತಲುಪುವ ಗೋಡೆ, ಎರಡೂ ಬೇಡ. ಚಿಪ್ಪೆದ್ದರೆ ಹತ್ತಿರದ ಫ್ರೇಮ್ ಅಂಗಡಿಗೆ ಕೊಡಬೇಡಿ, ಅಲ್ಲಿ ಕೈಗೆ ಸಿಗುವುದು ಹಿತ್ತಾಳೆ ಬಣ್ಣದ ಡಬ್ಬಿ. ಉದುರಿದ ಚೂರುಗಳನ್ನು ಪೊಟ್ಟಣ ಕಟ್ಟಿಟ್ಟುಕೊಂಡು, ಚರ್ಮದ ಅಂಟಿನಲ್ಲಿ ಕೆಲಸ ಮಾಡಿ ಗೊತ್ತಿರುವ ಸಂರಕ್ಷಕರನ್ನು ಹುಡುಕಿ.

ತೂಗುಹಾಕುವಾಗ ಕಿರೀಟವನ್ನು ಹಿಡಿದು ಎತ್ತಬೇಡಿ, ಎಷ್ಟೋ ಕನ್ನಡಿಗಳಲ್ಲಿ ಅದು ಎರಡು ಮರದ ಪಟ್ಟಿಗಳ ಆಸರೆಯಲ್ಲಿ ನಿಂತಿರುತ್ತದೆ ಅಷ್ಟೇ. ಭಾರ ಕೆಳಗಿನ ಪಟ್ಟಿಯ ಅಡಿಗೆ ಕೊಟ್ಟ ಎರಡು ಬ್ರಾಕೆಟ್ಟುಗಳ ಮೇಲೆ ಕೂರಬೇಕು, ಮೇಲಿನ ಕೊಕ್ಕೆ ಮುಂದಕ್ಕೆ ಬಾಗದಂತೆ ಹಿಡಿಯಲು ಮಾತ್ರ. ಬೆನ್ನಿನಲ್ಲಿರುವ ಕೈಯಲ್ಲಿ ಬಡಿದ ಹಳೆಯ ಕಬ್ಬಿಣದ ಕೊಂಡಿಗೆ ಭಾರ ಹಾಕಬೇಡಿ. ಹಾಗೆಂದು ಕಿತ್ತು ಎಸೆಯಲೂ ಬೇಡಿ, ಮುಂದೊಂದು ದಿನ ನೀವು ಮಾರುವಾಗ ಬೆನ್ನು ತಿರುಗಿಸಿ ನೋಡುವವರು ಮೊದಲು ಹುಡುಕುವುದು ಅಂಥದ್ದನ್ನೇ.